ಹೊಂಗೆದೊಡ್ಡಿಯ ಅವಧೂತನ ಮೂಗಿಗೆ ಬಿದ್ದ ಮದ್ದು

ಕನಕಪುರದಿಂದ ಸಾತನೂರಿನ ಕಡೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕಬ್ಬಾಳು ಬೆಟ್ಟ ಮುಖ ತೋರಿಸಿದ ಮೇಲೆ ಇಳಿದು, ಒಂದು ಎಲೆಅಡಿಕೆ ಜಗಿದು ಮುಗಿಯುವಷ್ಟು ದೂರ ಮಣ್ಣುದಾರಿಯಲ್ಲಿ ನಡೆದರೆ ಹೊಂಗೆದೊಡ್ಡಿ. ಆ ಊರಿನ ದೊಡ್ಡಹನುಮಯ್ಯನಿಗೆ ಭಗವಂತ ಒಂದಿಷ್ಟು ರಾಗಿಹೊಲ, ಒಂದು ಚೂರು ಹಿಪ್ಪುನೇರಳೆ ತೋಟ ಮತ್ತು ಒಂದು ಮೂಗು ಕೊಟ್ಟಿದ್ದ. ಹೊಲ ತೋಟ ಹೊಟ್ಟೆಗಾದವು. ಹೆಸರು ಬಂದದ್ದು ಮೂಗಿನಿಂದ. ಅವನು ಮೂಗು ಮುರಿದ ಮೇಲೆ ಸುತ್ತಲ ತಾಲ್ಲೂಕುಗಳಲ್ಲಿ ಯಾವ ವಸ್ತುವೂ ತನ್ನ ಬೆಲೆ ಉಳಿಸಿಕೊಂಡು ನಿಂತದ್ದಿಲ್ಲ.

ಆ ಸೀಮೆಯಲ್ಲಿ ಎತ್ತು ಕೊಳ್ಳುವವನು ಒಬ್ಬನೇ ಹೋಗುವುದಿಲ್ಲ. ತಾನೇ ಬಾಯಿಬಿಟ್ಟು ಹಳಿದರೆ ಮಾರುವವನಿಗೆ ಮುನಿಸು, ಹಳಿಯದಿದ್ದರೆ ತನ್ನ ಜೇಬಿಗೆ ತೂತು. ಹೀಗಾಗಿ ಹಳಿಯುವುದಕ್ಕೆಂದೇ ಒಬ್ಬನನ್ನು ಜೊತೆಗೆ ಕರೆದೊಯ್ಯುವುದು ರೂಢಿ. ಕೊಳ್ಳುವವನು ಬೀಡಿ ಹಚ್ಚಿಕೊಂಡು ಮರ್ಯಾದಸ್ಥನ ಹಾಗೆ ಕೂರುತ್ತಾನೆ. ಪಾಪವೆಲ್ಲ ಜೊತೆಗಾರನ ನಾಲಿಗೆಗೆ. ದೊಡ್ಡಹನುಮಯ್ಯ ಈ ಕೆಲಸಕ್ಕೆಂದೇ ಹುಟ್ಟಿದವನು. ಎತ್ತಿನ ಸುತ್ತ ಒಂದು ಸುತ್ತು ಬಂದು, ಬೆನ್ನಿನ ಕೂದಲ ಸುಳಿಯಲ್ಲಿ ಶಕುನ ನೋಡಿ, ಒಂದು ಚಿಟಿಕೆ ನಶ್ಯ ಏರಿಸಿ, “ಇದನ್ನ ನೀವು ಸಾಕಿದ್ರೋ, ಇಲ್ಲ ನಿಮ್ಮನ್ನ ಇದು ಸಾಕ್ತೋ?” ಎಂದು ಕೇಳಿದರೆ ಹಳ್ಳಿಕಾರ್ ಹೋರಿ ಕೊಂಬು ತಗ್ಗಿಸಿ ಯಜಮಾನನ ಬೆನ್ನ ಹಿಂದೆ ಅಡಗುತ್ತಿತ್ತು. ಮಾಗಡಿ ಕಡೆಯ ಮಾವಿನ ತೋಪೊಂದರಲ್ಲಿ ಅವನು ತಲೆಯೆತ್ತಿ ಹೂವು ನೋಡಿ “ಹ್ಞೂಂ” ಎಂದದ್ದಕ್ಕೆ ಅರ್ಧ ತೋಪಿನ ಹೂವು ನಾಚಿ ಉದುರಿಹೋಯಿತೆಂದು ತೋಪಿನ ಗುತ್ತಿಗೆ ಹಿಡಿಯುವ ಕೆಂಪಯ್ಯ ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ. ಚನ್ನಪಟ್ಟಣದ ಗೊಂಬೆ ಅಂಗಡಿಯಲ್ಲಿ ಮರದ ಕುದುರೆಯೊಂದನ್ನು ಎತ್ತಿ ನೋಡಿ “ಹಿಂಗಾಲು ಕುಂಟು” ಎಂದನಂತೆ. ಆವತ್ತಿನಿಂದ ಆ ಕುದುರೆ ಕುಂಟುತ್ತಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಅವನು ಕಾಲಿಟ್ಟರೆ ಗೂಡಿನೊಳಗಿನ ಹುಳು ಇನ್ನೆರಡು ಸುತ್ತು ನೂಲು ಸುತ್ತಿಕೊಂಡು ಮುಖ ಮುಚ್ಚಿಕೊಳ್ಳುತ್ತಿತ್ತು.

ಇಂಥವನ ಮನೆಯಲ್ಲಿ ಸಾರು ಮಾಡುವ ಕರ್ಮ ಸಿದ್ದಮ್ಮನದು. ತನ್ನ ಮದುವೆಯ ಊಟದಲ್ಲೇ ಪಾಯಸ ನೆಕ್ಕಿ, “ಬೆಲ್ಲ ಹಾಕಿದ್ರೋ, ಇಲ್ಲ ದೂರದಿಂದ ತೋರಿಸಿದ್ರೋ?” ಎಂದು ಮಾವನನ್ನೇ ಕೇಳಿದ ಗಂಡ. ಅಂದಿನಿಂದ ಇಂದಿನವರೆಗೆ ಅವಳ ಸಾರಿಗೆ ಒಂದು ದಿನವೂ ಪಾಸ್ ಮಾರ್ಕು ಬಿದ್ದಿರಲಿಲ್ಲ. ಉಪ್ಪು ಹೆಚ್ಚು, ಹುಳಿ ಕಮ್ಮಿ, ಹುರುಳಿ ಬೆಂದಿಲ್ಲ, ಬೆಂದು ಸತ್ತಿದೆ. ಅವಳೂ ಬಿಟ್ಟವಳಲ್ಲ. “ನಿಮ್ಮವ್ವ ಮಾಡಿದ್ದ ತಿಂದೂ ತಿಂದೂ ಆ ನಾಲ್ಗೆ ಹಂಗಾಗೈತೆ, ನನ್ ಸಾರೇನ್ ಮಾಡಾತು?” ಎನ್ನುತ್ತಿದ್ದಳು. ಬೀದಿಯವರು ಇವರ ಜಗಳ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಗಡಿಯಾರ ಕೆಟ್ಟಿತು.

ಮೊದಲು ಏಟು ತಿಂದವನು ಕೆಂಪಯ್ಯ. ಎತ್ತು ನೋಡಲು ದೊಡ್ಡಆಲಹಳ್ಳಿ ಕಡೆಗೆ ಇವನನ್ನು ಕರೆದುಕೊಂಡು ಹೋಗಿದ್ದ. ಮಾರುವವನು ಎದೆ ಗಟ್ಟಿಮಾಡಿಕೊಂಡು ನಿಂತಿದ್ದ. ದೊಡ್ಡಹನುಮಯ್ಯ ಎತ್ತಿನ ಕಡೆ ನೋಡಿದ, ನೆಲದ ಕಡೆ ನೋಡಿದ, “ಚೆನ್ನಾಗವೆ, ತಕಳಪ್ಪ” ಎಂದ. ಮಾರುವವನಿಗೆ ತಲೆ ತಿರುಗಿ ಬಂತು. ಕೆಂಪಯ್ಯ ಬಾಯಿಗಿಟ್ಟ ಬೀಡಿಯನ್ನು ಉಲ್ಟಾ ಕಚ್ಚಿಕೊಂಡ. ಆ ಮಾತು ಹೊರಟ ಮೇಲೆ ಹಳಿಯುವುದಕ್ಕೆ ಇನ್ನೇನಿದೆ, ಹೇಳಿದ ಬೆಲೆಗೇ ಎತ್ತು ಹಿಡಿದುಕೊಂಡು ಬಂದ. ದಾರಿಯುದ್ದಕ್ಕೂ, “ಏನ್ಲಾ ಆಗೈತೆ ನಿಂಗೆ? ಅವ್ನತ್ರ ಏನಾರ ಇಸ್ಕೊಂಡ್ಯಾ?” ಎಂದು ಬೈದರೂ ದೊಡ್ಡಹನುಮಯ್ಯ ನೆಲ ನೋಡಿಕೊಂಡೇ ನಡೆದ.

ಮನೆಯಲ್ಲೂ ಅದೇ. ಇಟ್ಟದ್ದರಲ್ಲಿ ಎರಡು ತುತ್ತು ತಿಂದು ಏಳುತ್ತಿದ್ದ. ಕೋಳಿ ಕೂಗುವುದಕ್ಕೂ ಮುಂಚೆ ಎದ್ದು ಹಲಸಿನ ಮರದಡಿ ಹೋಗಿ ಕೂತರೆ ಮುಗಿಯಿತು. ನಶ್ಯದ ಡಬ್ಬಿ ಗೋಡೆಯ ಗೂಡಿನಲ್ಲೇ ಧೂಳು ಹಿಡಿಯಿತು. ಸಿದ್ದಮ್ಮನಿಗೆ ಒಂದು ಯೋಚನೆ ಬಂತು. ಒಂದು ಮಧ್ಯಾಹ್ನ ಹುರುಳಿ ಸಾರಿಗೆ ಬೇಕೆಂದೇ ಒಂದು ಹಿಡಿ ಉಪ್ಪು ಸುರಿದಳು. ಆ ಸಾರನ್ನು ಬಾಯಿಗಿಟ್ಟ ನಾಯಿ ಕೆರೆಗೆ ಓಡಿ ಕೆರೆಯ ನೀರು ಒಂದು ಗೇಣು ಇಳಿಸಿತು. ದೊಡ್ಡಹನುಮಯ್ಯ ಮಾತ್ರ ಮುದ್ದೆ ಅದ್ದಿ ನುಂಗಿದ.

“ಹೆಂಗೈತೆ?” ಎಂದಳು ಸಿದ್ದಮ್ಮ.

“ಚೆನ್ನಾಗೈತೆ.”

ಮದುವೆಯಾದ ಮೇಲೆ ಗಂಡ ಮೊದಲ ಸಲ ತನ್ನ ಸಾರನ್ನು ಹೊಗಳಿದ ದಿನ ಸಿದ್ದಮ್ಮ ಒಲೆಯ ಮುಂದೆ ಕೂತು ನಡುಗಿದಳು.

ಊರಿನಲ್ಲಿ ವೈದ್ಯರಿಗೇನು ಬರ. ಕಾಯಿಲೆಯ ಹೆಸರು ಗೊತ್ತಿಲ್ಲದಿದ್ದರೆ ಸಾಕು, ಮದ್ದು ಎಲ್ಲರಿಗೂ ಗೊತ್ತಿರುತ್ತದೆ. ಗಾಳಿ ಸೋಕು ಎಂದರು. ಮಾಟ ಎಂದರು. ಒಬ್ಬ ತಾಯತ ಕಟ್ಟಿದ, ಇನ್ನೊಬ್ಬ ಅದನ್ನು ಬಿಚ್ಚಿಸಿ ತನ್ನದನ್ನು ಕಟ್ಟಿದ. ಕನಕಪುರಕ್ಕೆ ಕರೆದೊಯ್ದು ಗ್ಲೂಕೋಸ್ ಏರಿಸಿದರು. ಆ ಸೀಮೆಯಲ್ಲಿ ಹೆಂಡತಿ ಬಿಟ್ಟುಹೋದವನಿಗೂ ಗ್ಲೂಕೋಸೇ ಮದ್ದು. “ಮನಸ್ಸು ಗಟ್ಟಿ ಮಾಡ್ಕೊಳಪ್ಪ” ಎಂದು ಹೇಳಿಹೋಗಲು ಬಂದವರು ಎಷ್ಟೆಂದರೆ, ಅವರಿಗೆ ಟೀ ಮಾಡಿ ಮಾಡಿ ಹಸುವಿನ ಕೆಚ್ಚಲು ಬತ್ತಿತು. ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆಂದು ಮಾತ್ರ ಒಬ್ಬನೂ ತೋರಿಸಿಕೊಡಲಿಲ್ಲ. ಕಾಲು ಮುರಿದವನ ಮುಂದೆ ನಿಂತು “ಕಾಲು ಗಟ್ಟಿ ಮಾಡ್ಕೊಂಡು ಓಡಪ್ಪ” ಎನ್ನುವ ಜಾಣರು ಇನ್ನೂ ಹುಟ್ಟಿಲ್ಲ. ಹುಟ್ಟಿದರೆ ಹೊಂಗೆದೊಡ್ಡಿಯಲ್ಲೇ ಹುಟ್ಟುತ್ತಾರೆ.

ಇವರೆಲ್ಲರ ತಲೆಯ ಮೇಲೆ ಹೊಡೆದಂಥವನು ಶಂಭುಲಿಂಗ. ಬಸ್‌ಸ್ಟಾಪಿನ ಪಕ್ಕದಲ್ಲಿ ಊದುಬತ್ತಿ, ಕರ್ಪೂರ, ಫೋನಿನ ಕರೆನ್ಸಿ, ಬಾಳೆಹಣ್ಣು ಎಲ್ಲವನ್ನೂ ಮಾರುವ ಅಂಗಡಿಯವನು. ಮಾಗಡಿ ಕಡೆಯ ಹೆಂಗಸೊಬ್ಬಳು ಕಬ್ಬಾಳಮ್ಮನ ದರ್ಶನಕ್ಕೆ ಬಂದವಳು, ಬಸ್ಸು ಕಾಯುತ್ತಾ ಇವನ ಅಂಗಡಿಯಲ್ಲಿ ಕೂತು, ಉಂಗುರ ಕಳೆದುಹೋಗಿದೆ ಎಂದು ಗೋಳಾಡಿದಳು. ಸುಮ್ಮನಿರಲಾರದೆ ಶಂಭುಲಿಂಗ ಹಲಸಿನ ಮರದ ಕಡೆ ಕೈ ತೋರಿಸಿದ. ಅವಳು ಹೋಗಿ ದೊಡ್ಡಹನುಮಯ್ಯನ ಕಾಲಿಗೆ ಬಿದ್ದಳು.

“ನಂಗೇನ್ ಗೊತ್ತವ್ವ,” ಎಂದ ಅವನು, ತಲೆಯೆತ್ತದೆ. “ಹೋಗು, ಮನೇಲಿ ಹುಡುಕು.”

ಉಂಗುರ ಮನೆಯಲ್ಲಿ ಅಕ್ಕಿಡಬ್ಬದಲ್ಲೇ ಸಿಕ್ಕಿತು. ಉಂಗುರ ಇನ್ನೆಲ್ಲಿ ಸಿಗುತ್ತದೆ, ಚಂದ್ರಲೋಕದಲ್ಲೇ? ಆದರೆ ಮುಂದಿನ ಸೋಮವಾರ ಆ ಹೆಂಗಸು ಇಡೀ ಬೀದಿಯನ್ನು ಕಟ್ಟಿಕೊಂಡು ಬಂದಳು. ಶಂಭುಲಿಂಗ ಫೋನಿನಲ್ಲಿ ರೀಲ್ಸ್ ಮಾಡಿ ಬಿಟ್ಟ: ಹೊಂಗೆದೊಡ್ಡಿಯ ಮೌನಿ ಅವಧೂತರು. ಹಿಂದೆ ಶಂಖದ ಸದ್ದು ಬೇರೆ. ರಾಮನಗರದಿಂದ ಕಾರುಗಳು ಬಂದವು. ಕರ್ಪೂರದ ಹೊಗೆಗೆ ಹಲಸಿನ ಮರ ಆ ವರ್ಷ ಹೊಗೆಸೊಪ್ಪಿನ ವಾಸನೆಯ ಕಾಯಿ ಬಿಟ್ಟಿತು. ಯಾರೋ ಬಂದು ಕಷ್ಟ ಹೇಳಿಕೊಂಡರೆ ದೊಡ್ಡಹನುಮಯ್ಯ, “ನಾನೇನೂ ಅಲ್ಲ ಕಣಪ್ಪ. ನಾನು ಕಸ. ನನ್ ಕಾಲಿಗ್ ಬೀಳ್ಬ್ಯಾಡಿ” ಎನ್ನುತ್ತಿದ್ದ. ಜನ ಕೆನ್ನೆ ಕೆನ್ನೆ ಬಡಿದುಕೊಂಡರು. ನೋಡ್ರಪ್ಪ, ನಾನು ಅನ್ನೋದನ್ನೇ ಬುಟ್ಬುಟ್ಟವ್ರೆ.

ಸಿದ್ದಮ್ಮನಿಗೆ ಆ ಮಾತು ಬೇರೆ ಥರ ಕೇಳಿಸುತ್ತಿತ್ತು. ಒಂದು ದಿನ ಜನ ಕರಗಿದ ಮೇಲೆ ಪಕ್ಕದಲ್ಲಿ ಕೂತು ಏನಾಗಿದೆಯೆಂದು ಕೇಳಿದಳು. ಅವನು ಎತ್ತಿನ ಕುಂದು ಹೇಳುವ ಅದೇ ಧ್ವನಿಯಲ್ಲಿ, ಒಂದೊಂದಾಗಿ, ತನ್ನ ಕುಂದು ಹೇಳಿದ. ಹೊಲ ಬೆಳೆಸಲಿಲ್ಲ. ಮಗಳ ಹತ್ತಿರ ಒಳ್ಳೆಯ ಮಾತಾಡಲಿಲ್ಲ. ನಿನ್ನನ್ನು ಸುಖವಾಗಿಡಲಿಲ್ಲ. “ನಂದು ಸುಳಿ ಕೆಟ್ಟೈತೆ ಕಣೆ ಸಿದ್ದಿ. ಇಂಥ ಎತ್ತ ಕಟ್ಕೊಂಡ ಮನೆ ಉದ್ಧಾರ ಆಗಾಕಿಲ್ಲ. ಯಾರೂ ಕೊಳ್ಳಬ್ಯಾಡಿ ಇದನ್ನ.”

ಆಗ ಅವಳಿಗೆ ಹೊಳೆಯಿತು. ಗಂಡ ಕೊಂಕು ಬಿಟ್ಟು ಸಂತನಾಗಿರಲಿಲ್ಲ. ಊರ ಮೇಲೆಲ್ಲ ಹರಡಿಕೊಂಡಿದ್ದ ಕೊಂಕು ಈಗ ಒಬ್ಬನೇ ಒಬ್ಬನ ಮೇಲೆ ಕುಕ್ಕರಿಸಿತ್ತು.

ರಾಮನಗರದಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದ ಮಗಳು ಭಾನುಪ್ರಿಯ ಬಂದು ಅಪ್ಪನನ್ನು ಬೆಂಗಳೂರಿನ ಮಾನಸಿಕ ಆಸ್ಪತ್ರೆಯೊಂದಕ್ಕೆ ಕರೆದೊಯ್ದಳು. “ನೀನ್ ಮುಖಕ್ಕೆ ಬಳಿಯೋದ ಗೋಡೆಗ್ ಬಳಿದಿದ್ರೆ ಮನೆನಾದ್ರೂ ಗಟ್ಟಿಯಾಗದು” ಎಂದು ಪಾರ್ಲರಿನ ಬಾಗಿಲು ತೆರೆದ ದಿನವೇ ಮಗಳನ್ನು ಹರಸಿದ್ದ ಅಪ್ಪ ಈಗ ಕಾರಿನಲ್ಲಿ ಮೂಟೆಯ ಹಾಗೆ ಕೂತಿದ್ದ. ಡಾಕ್ಟರ್ ಸಾನಾ ಎಂಬಾಕೆ ಸಾವಧಾನವಾಗಿ ವಿಚಾರಿಸಿ ಇದು ಖಿನ್ನತೆ ಎಂದರು, ಮಾತ್ರೆ ಕೊಟ್ಟರು. ತಿಂಗಳುಗಳಾದರೂ ಕಾಯಿಲೆ ಅಲುಗಲಿಲ್ಲ. ಮಾತ್ರೆ ಬದಲಿಸಿದರು. ಅದಕ್ಕೂ ಕಾಯಿಲೆ ಜಗ್ಗಲಿಲ್ಲ.

“ಕೆಲವರಿಗೆ ಹೀಗಾಗುತ್ತೆ ಅಮ್ಮ, ಅವರ ತಪ್ಪಲ್ಲ,” ಎಂದರು ಡಾಕ್ಟರ್. “ಇಂಥವರಿಗೇ ಅಂತ ಈಗ ಮೂಗಿಗೆ ಹೊಡೆಯೋ ಒಂದು ಸ್ಪ್ರೇ ಬಂದಿದೆ. ಮಾತ್ರೆ ವಾರಗಟ್ಟಲೆ ತಗೊಳ್ಳೋ ಕಡೆ ಇದು ಗಂಟೆಗಳಲ್ಲಿ, ದಿನಗಳಲ್ಲಿ ಕೆಲಸ ಶುರು ಮಾಡಬಹುದು. ಮಾಡೇ ಮಾಡುತ್ತೆ ಅಂತ ಬರೆದುಕೊಡಲಾರೆ. ಮನೆಗೆ ಕೊಡೋದಿಲ್ಲ, ಇಲ್ಲೇ ನಮ್ಮ ಕಣ್ಣೆದುರೇ ತಗೋಬೇಕು. ಮಾತ್ರೆನೂ ಜೊತೆಗೆ ನಡೀಬೇಕು. ಯೋಚನೆ ಮಾಡಿ.”

ಅದರ ಬೆಲೆಯ ಮಾತು ಇಲ್ಲಿ ಬೇಡ. ಕೇಳಿದವರಿಗೂ ಅದೇ ಔಷಧಿ ಬೇಕಾದೀತು. ಭಾನುಪ್ರಿಯ ಅಪ್ಪನ ಕಡೆ ನೋಡಿ, “ಆಗ್ಲಿ ಮೇಡಂ” ಎಂದಳು.

ಸುದ್ದಿ ಊರು ಮುಟ್ಟಿತು. ಅವಧೂತರ ಮೂಗಿಗೆ ಔಷಧಿ ಹೊಡೆಯುತ್ತಾರಂತೆ ಎಂದು ಬಸ್‌ಸ್ಟಾಪಿನಲ್ಲಿ ಸಭೆ ಸೇರಿತು. ಶಂಭುಲಿಂಗ ಆಗಲೇ ಹಲಸಿನ ಮರದ ಸುತ್ತ ಮಂಟಪಕ್ಕೆ ಕಂಬ ನಿಲ್ಲಿಸಿದ್ದ. ಅವನು ಸಿದ್ದಮ್ಮನ ಜಗಲಿಗೆ ಬಂದು ಕೂತ.

“ಅಕ್ಕಾ, ಹನ್ನೆರಡು ವರ್ಷ ಗವೀಲಿ ಕುಂತ್ರೂ ಸಿಗದ ಸ್ಥಿತಿ ನಮ್ಮ ಹನುಮಣ್ಣಂಗೆ ಹಲಸಿನ ಮರದಡಿ ಸಿಕ್ಬುಟ್ಟೈತೆ. ಕೆಡಿಸ್ಬ್ಯಾಡಿ.”

“ಸ್ಥಿತಿ ಅಲ್ಲ ಕಣಪ್ಪ ಶಂಭು. ಮೂರು ದಿವ್ಸದಿಂದ ಎರಡಕ್ಕೂ ಹೋಗಿಲ್ಲ ಅವ್ರು.”

“ಅದೇ ಅಕ್ಕ ಯೋಗ ಅನ್ನೋದು.”

“ಯೋಗ ಆದ್ರೆ ನೀನೂ ನಾಕ್ ದಿನ ಬಿಗಿಹಿಡ್ಕೊಂಡ್ ಕುಂತ್ಕ. ನಿಂಗೂ ಒಂದ್ ಮಂಟಪ ಕಟ್ಸಾನ,” ಎಂದಳು ಸಿದ್ದಮ್ಮ. ಆದರೂ ಅವಳಿಗೆ ಒಳಗೊಳಗೇ ಅಳುಕಿತ್ತು. ಊರೆಲ್ಲ ಒಂದು ಕಡೆ, ತಾನೊಬ್ಬಳು ಒಂದು ಕಡೆ. ಇರಲಿ, ಇನ್ನೆರಡು ವಾರ ನೋಡೋಣ ಎಂದುಕೊಂಡಳು.

ಎರಡು ವಾರ ನೋಡುವುದಕ್ಕೆ ಆಗಲಿಲ್ಲ. ಒಂದು ಮಧ್ಯಾಹ್ನ ಅವಳು ಹಿತ್ತಲಲ್ಲಿ ಹುಣಸೆಹಣ್ಣು ಬಡಿಯುತ್ತಿದ್ದಳು. ದೊಡ್ಡಹನುಮಯ್ಯ ಬಂದು ಹುಣಸೆಮರದಡಿ ನಿಂತ. ಅಡ್ಡಕ್ಕೆ ಚಾಚಿದ ಕೊಂಬೆಯೊಂದನ್ನು ಬಹಳ ಹೊತ್ತು ನೋಡಿದ. ಒಂದು ಸುತ್ತು ಬಂದ. ಕೈ ಎತ್ತಿ ತಟ್ಟಿ ನೋಡಿದ. ಹೋರಿಯ ಬೆನ್ನು ತಟ್ಟಿ ನೋಡುತ್ತಿದ್ದನಲ್ಲ, ಹಾಗೆಯೇ.

“ಗಟ್ಟಿಯಾಗೈತೆ,” ಎಂದ. “ಒಂದು ಕುಂದೂ ಇಲ್ಲ ಇದ್ರಾಗೆ.”

ಯಾವ ವಸ್ತುವನ್ನೂ ಒಪ್ಪದ ಗಂಡ ಒಂದು ಕೊಂಬೆಯನ್ನು ಒಪ್ಪಿದ್ದ. ಅದು ಯಾವ ವ್ಯಾಪಾರಕ್ಕೆಂದು ಸಿದ್ದಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಕೈಯ ಸುತ್ತಿಗೆ ಅಲ್ಲೇ ಬಿತ್ತು. ಗಂಡನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ಬಾಗಿಲಿಗೆ ಅಡ್ಡ ತಾನೇ ಕೂತು ಮಗಳಿಗೆ ಫೋನು ಹಚ್ಚಿದಳು. ಮಗಳು ಡಾಕ್ಟರಿಗೆ ಹಚ್ಚಿದಳು. ಇವತ್ತೇ ಕರೆದುಕೊಂಡು ಬನ್ನಿ, ಅಲ್ಲಿಯವರೆಗೆ ಒಂದು ಗಳಿಗೆಯೂ ಒಬ್ಬರನ್ನೇ ಬಿಡಬೇಡಿ ಎಂದರು ಡಾಕ್ಟರ್. ಭಾನುಪ್ರಿಯ ರಾಮನಗರದಿಂದ ಕಾರು ತರುವಷ್ಟರಲ್ಲಿ ಸಿದ್ದಮ್ಮ ಕೆಂಪಯ್ಯನನ್ನು ಕೂಗಿ ಕರೆದಳು.

“ಕೆಂಪಣ್ಣ, ಮಚ್ಚು ತಕಂಬಾ. ಆ ಕೊಂಬೆ ಕಡಿ.”

“ಯಾಕವ್ವ? ಕಾಯಿ ತುಂಬೈತೆ.”

“ಕಾಯಿ ನೀನೇ ತಕೊಂಡೋಗು. ಕೊಂಬೆ ಇರಕೂಡ್ದು.”

ಕೆಂಪಯ್ಯ ಅವಳ ಮುಖ ನೋಡಿದ, ಹೋಗಿ ಮಚ್ಚು ತಂದ. ತೋಪಿನ ಗುತ್ತಿಗೆಯವನಿಗೆ ಹಣ್ಣು ಕೀಳುವುದು ಗೊತ್ತು, ಮರ ಕಡಿಯುವುದು ಗೊತ್ತಿಲ್ಲ. ಹೇಗೆ ಹೇಗೋ ಕೊಚ್ಚಿ, ಜಗ್ಗಿ, ಕೊಂಬೆ ಉರುಳಿಸಿದ. ಸದ್ದಿಗೆ ಶಂಭುಲಿಂಗ ಓಡಿಬಂದ. ಅವಧೂತರು ತಟ್ಟಿ ಹರಸಿದ ಮರ ಎಂದು ಅವನಿಗೆ ಅದಾಗಲೇ ಸುದ್ದಿ ಹೋಗಿತ್ತು. ಕಟ್ಟಲು ಹಳದಿ ಬಟ್ಟೆಯನ್ನೂ ತಂದಿದ್ದ. ಕಾರು ಹೊರಡುವ ಹೊತ್ತಿಗೆ ದಾರಿಗೆ ಅಡ್ಡ ಭಕ್ತಮಂಡಳಿ ನಿಂತಿತ್ತು. ಕಬ್ಬಾಳಮ್ಮನ ಹತ್ತಿರ ಹೂ ಕೇಳದೆ ಅವಧೂತರನ್ನು ಸೀಮೆ ದಾಟಿಸಕೂಡದು. ಬಲಕ್ಕೆ ಹೂ ಕೊಟ್ಟರೆ ಹೋಗಲಿ, ಎಡಕ್ಕೆ ಕೊಟ್ಟರೆ ವಾಪಸ್ಸು.

ಸಿದ್ದಮ್ಮ ಕಾರಿನ ಕಿಟಕಿ ಇಳಿಸಿದಳು. “ನಡೀರಿ. ಕೇಳೇ ಬುಡಾನ.”

ಭಾನುಪ್ರಿಯ ಅವ್ವನ ಸೆರಗು ಜಗ್ಗಿದಳು. “ಅವ್ವಾ, ಎಡಕ್ ಬಿದ್ರೆ?”

“ನೀನ್ ಸುಮ್ಕಿರು.”

ಗುಡಿಯಲ್ಲಿ ಪೂಜಾರಿ ಅಮ್ಮನ ಮೈಮೇಲೆ ಹೂವು ಏರಿಸಿ, “ಏನ್ ಕೇಳ್ಬೇಕವ್ವ, ಬಾಯಿಬಿಟ್ ಕೇಳು” ಎಂದ. ಭಕ್ತಮಂಡಳಿ ಕತ್ತು ಚಾಚಿ ನಿಂತಿತು. ದೊಡ್ಡಹನುಮಯ್ಯ ಕಂಬಕ್ಕೆ ಒರಗಿ, ಯಾರದೋ ಮದುವೆಗೆ ಬಂದವನ ಹಾಗೆ ನೆಲ ನೋಡುತ್ತಿದ್ದ. ಸಿದ್ದಮ್ಮ ಸೆರಗು ಹೊದ್ದು ಕೈ ಮುಗಿದಳು. ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

“ತಾಯಿ, ಇವ್ರನ್ನ ಬೆಂಗ್ಳೂರಾಸ್ಪತ್ರೆಗೆ ಕರ್ಕೊಂಡ್ ಹೊಂಟಿವ್ನಿ. ನೀನ್ ಬ್ಯಾಡ ಅನ್ನಾಕಿಲ್ಲ, ನೀನೂ ಹೆಣ್ಣೇ ಅಲ್ವಾ. ಕನಕಪುರದ್ ದಾರೀಲಿ ಹೋಗು ಅಂದ್ರೆ ಬಲಕ್ ಕೊಡು. ಚನ್ನಪಟ್ಣದ್ ದಾರೀಲಿ ಹೋಗು ಅಂದ್ರೆ ಎಡಕ್ ಕೊಡು.”

ಹೂವು ಎಡಕ್ಕೆ ಬಿತ್ತು. ಭಕ್ತಮಂಡಳಿ ಜೈಕಾರಕ್ಕೆಂದು ಬಾಯಿ ತೆರೆದದ್ದು ಮುಚ್ಚುವುದಕ್ಕೂ ಆಗದೆ, ಕೂಗುವುದಕ್ಕೂ ಆಗದೆ, ಆ ಬಾಯಿಗಳಲ್ಲಿ ಗುಬ್ಬಿ ಗೂಡು ಕಟ್ಟಿ ಮರಿ ಮಾಡುವಷ್ಟು ಹೊತ್ತು ಹಾಗೇ ನಿಂತಿತು. ಸಿದ್ದಮ್ಮ ಆ ಹೂವನ್ನು ಕಣ್ಣಿಗೊತ್ತಿ ಗಂಡನ ಜೇಬಿಗೆ ಹಾಕಿದಳು. ಕಾರು ಚನ್ನಪಟ್ಟಣದ ದಾರಿಯಲ್ಲಿ ಬೆಂಗಳೂರಿಗೆ ಹೊರಟಿತು.

ಆಸ್ಪತ್ರೆಯಲ್ಲಿ ಮೊದಲು ಒಳಗೇ ಇರಿಸಿಕೊಂಡು ನೋಡಿಕೊಂಡರು. ಆಮೇಲೆ ಸ್ಪ್ರೇ. ಅದಕ್ಕೆ ಮುಂಚೆ ಊಟ ಕೊಡಲಿಲ್ಲ, ರಕ್ತದೊತ್ತಡ ನೋಡಿದರು, ಮೂಗು ಚೆನ್ನಾಗಿ ಸೀಟಿಕೊಳ್ಳಿ ಎಂದರು. ಆ ಮೂಗಿನಲ್ಲಿ ಯೌವನದಿಂದ ಶೇಖರವಾಗಿದ್ದ ನಶ್ಯ ಹೊರಬಂದ ರಭಸಕ್ಕೆ ಮೇಲಿನ ಮಹಡಿಯ ರೋಗಿಗಳೆಲ್ಲ ಸೀನಿದರು. ಚೈತ್ರಾ ಎಂಬ ನರ್ಸು ನಗು ತಡೆದುಕೊಂಡು, ಒರಗು ಕುರ್ಚಿಯಲ್ಲಿ ಕೂರಿಸಿ, ಬೆರಳುದ್ದದ ಪ್ಲಾಸ್ಟಿಕ್ ಸ್ಪ್ರೇಯನ್ನು ಕೈಗೆ ಕೊಟ್ಟು, ಹೇಗೆಂದು ತೋರಿಸಿದಳು. ಈ ಹೊಳ್ಳೆಗೊಂದು ಸಲ, ಆ ಹೊಳ್ಳೆಗೊಂದು ಸಲ. ನಶ್ಯ ಏರಿಸಿ ಪಳಗಿದ ಕೈ; ಅಲ್ಲಿ ಮಾತ್ರ ಯಾರೂ ಅವನಿಗೆ ಪಾಠ ಹೇಳುವಂತಿರಲಿಲ್ಲ.

ಬಾಯಿ ಕಹಿಯಾಯಿತು. ತಲೆ ತೇಲಿತು. ಗೋಡೆ ದೂರ ಹೋಯಿತು, ಕೈಕಾಲು ಬೇರೆ ಯಾರವೋ ಆದವು. ಸಿದ್ದಮ್ಮ ಗಾಬರಿಯಾದಳು. ಇದು ಇಷ್ಟು ಹೊತ್ತು ಇರುವುದೇ, ಇಳಿಯುತ್ತದೆ ಎಂದು ಚೈತ್ರಾ ಮತ್ತೆ ಮತ್ತೆ ಬಂದು ಒತ್ತಡ ನೋಡಿ ಹೋದಳು. ಎರಡು ಗಂಟೆ ಅಲ್ಲಿಂದ ಏಳಗೊಡಲಿಲ್ಲ.

ಬೇಗ ಕೆಲಸ ಮಾಡುವ ಔಷಧಿ ಎಂದರೆ ಹೊಂಗೆದೊಡ್ಡಿಯವರು ಬಂದೂಕು ಎಂದುಕೊಂಡಿದ್ದರು. ಸಂಜೆಗೇ ಕೆಂಪಯ್ಯನ ಫೋನು. “ಏನವ್ವ, ಬೈದ್ನಾ?” ಬೈದಿರಲಿಲ್ಲ. ಮಾರನೆಯ ದಿನ ಒಂದಿಷ್ಟು ನಿದ್ದೆ ಬಂದಿತ್ತು, ಅಷ್ಟೇ. ಎರಡನೆಯ ಸಲ ಆದ ಮೇಲೆ ಮುಖದಲ್ಲಿ ಏನೋ ಆಡಿದಂತಾಯಿತು. ಎರಡೇ ದಿನಕ್ಕೆ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ. ಸಿದ್ದಮ್ಮ ಕುಸಿದಳು. ಡಾಕ್ಟರ್ ಸಾನಾ ಮಾತ್ರ ಇದು ಹತ್ತಿಳಿದು ಹತ್ತಿಳಿದೇ ಹೋಗುವ ದಾರಿ ಎಂದರು.

ಅದರ ಮುಂದಿನ ಸಲ ಕುರ್ಚಿಯಲ್ಲಿ ಒರಗಿದ್ದವನು ಕಣ್ಣು ಮುಚ್ಚಿಕೊಂಡೇ ಮಾತಾಡಿದ.

“ಸಿದ್ದಿ, ನಾನು ಹಲಸಿನ ಮರದ ಮ್ಯಾಲ್ ಕುಂತಿದ್ದೆ. ಕೆಳಗೂ ನಾನೇ ಕುಂತಿದ್ದೆ. ಮ್ಯಾಲಿಂದ ನೋಡ್ದೆ.”

“ಹೆಂಗಿದ್ರಿ?”

ಅವನು ಎತ್ತು ನೋಡುವವನ ಹಾಗೆ ತಲೆ ಓರೆ ಮಾಡಿದ.

“ಒಸಿ ಇಳ್ದೋಗೈತೆ ಎತ್ತು. ಸುಳಿ ಅಂಥ ಕೆಟ್ಟದ್ದೇನಲ್ಲ. ಬೆಲೆ ತಗ್ಗಿಸಿದ್ರೆ ತಕಬೋದು.”

ಸಿದ್ದಮ್ಮ ಅವನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತಳು. ಇನ್ನೊಂದು ಗಳಿಗೆಗೆ ಅವನು ಕಣ್ಣು ಬಿಟ್ಟು ಕುರ್ಚಿಯ ಕೈಯನ್ನು ತಡವಿದ. “ಈ ಕುರ್ಚಿ ಮಾಡ್ದೋನು ಒಂದಿನನಾದ್ರೂ ಇದ್ರ ಮ್ಯಾಲ್ ಕುಂತಿದ್ನಾ ಕೇಳು.” ಚೈತ್ರಾ ಸಾರಿ ಸರ್ ಎಂದಳು. ಸಿದ್ದಮ್ಮ, “ನೀನ್ ಯಾಕವ್ವ ಸಾರಿ ಅಂತೀಯ, ಇನ್ನೂ ಒಸಿ ಬೈಲಿ ಬುಡು” ಎಂದಳು.

ಆಮೇಲೆ ರಾಮನಗರದಲ್ಲಿ ಮಗಳ ಮನೆಯಲ್ಲಿದ್ದುಕೊಂಡು ವಾರವಾರವೂ ಹೋಗಿ ಬಂದರು. ಆಸ್ಪತ್ರೆಯವರು ತಮ್ಮ ಪ್ರಶ್ನೆ ಕೇಳಿ ಕಾಯಿಲೆ ಅಳೆದರೆ, ಸಿದ್ದಮ್ಮ ಮಗಳ ಅಡುಗೆಮನೆಯಲ್ಲಿ ಉಪ್ಪಿನಿಂದ ಅಳೆದಳು. ಬೇಕೆಂದೇ ಹೆಚ್ಚು ಹಾಕಿ ಬಡಿಸುವಳು. ಒಂದು ವಾರ ಅವನು ಮುಖ ಕಿವುಚಿ ಸುಮ್ಮನಾದ. ಇನ್ನೊಂದು ವಾರ ತಟ್ಟೆ ದೂಡಿದ. ಅದರ ಮುಂದಿನ ವಾರ, “ಸಮುದ್ರ ಕಾಯಿಸಿ ಬಡಿಸಿದ್ಯಾ?” ಎಂದ. ಅಂದು ಸಿದ್ದಮ್ಮ ಕದ್ದು ಇನ್ನೊಂದು ಒಲೆಯಲ್ಲಿ ಮಾಡಿಟ್ಟಿದ್ದ ಒಳ್ಳೆಯ ಸಾರು ತಂದು ಬಡಿಸಿದಳು. ಅದನ್ನೂ ಹಳಿದ.

ಊರಿಗೆ ಮರಳಿದ ದಿನ ಶಂಭುಲಿಂಗ ತಮಟೆ ಹೊಡೆಸಿದ. ಮಂಟಪ ಮುಗಿದಿತ್ತು. ಒಳಗೆ, ಗಡ್ಡ ಬಿಟ್ಟು ನೆಲ ನೋಡುತ್ತಿರುವ ದೊಡ್ಡಹನುಮಯ್ಯನ ಆಳುದ್ದ ಫೋಟೊ, ಅದಕ್ಕೆ ಸೇವಂತಿಗೆ ಹಾರ. ದೊಡ್ಡಹನುಮಯ್ಯ ಗಡ್ಡ ಬೋಳಿಸಿದ ಗಲ್ಲ ನೇವರಿಸುತ್ತಾ ಮಂಟಪದ ಸುತ್ತ ಒಂದು ಸುತ್ತು ಬಂದ. ಗೊತ್ತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು.

“ಶಂಭು, ಈ ಕಂಬ ನಿಲ್ಲಿಸಿದ್ದು ಯಾರು?”

“ನಾನೇ ಸ್ವಾಮಿ, ನಿಮ್ಮ ಅನುಗ್ರಹ.”

“ನನ್ ಅನುಗ್ರಹ ಆಗಿದ್ರೆ ನೆಟ್ಟಗಿರ್ತಿತ್ತು. ಕುಡಿದೋನಂಗೆ ವಾಲೈತೆ. ಗಾರೆಗೆ ಸಿಮೆಂಟ್ ಹಾಕಿದ್ಯೋ, ಇಲ್ಲ ವಿಭೂತಿ ಹಾಕಿದ್ಯೋ? ಈ ಫೋಟೊದಾಗಿರೋ ಹೆಣ ಯಾರ್ದು? ಇಂಥ ಮುಖ ಮನೆ ಮುಂದ್ ಇಟ್ಕೊಂಡ್ರೆ ಕಾಗೆನೂ ಇಳಿಯಾಕಿಲ್ಲ. ಇದಕ್ಕೆ ಕೈ ಮುಗ್ದೋರೆಲ್ಲ ಯಾರ್ಲಾ, ಅವರ ಕಣ್ಣಿಗೇನ್ ಪೊರೆ ಬಂದಿತ್ತಾ? ಒಬ್ಬ ಮನ್ಸ ಒಳ್ಗೊಳ್ಗೇ ಸಾಯ್ತಿದ್ರೆ ಕರ್ಪೂರ ಹಚ್ಚಿ ನೋಡ್ತಿದ್ರಲ್ಲ.”

ತಮಟೆ ನಿಂತಿತು. ಅವಧೂತರು ಭ್ರಷ್ಟರಾದರೆಂದು ಅರ್ಧ ಜನ ಎದ್ದು ಹೋದರು. ಉಳಿದ ಅರ್ಧ ಅವರಿಗಿಂತ ಗಟ್ಟಿಗರು. ಮಾಗಡಿಯ ಉಂಗುರದ ಹೆಂಗಸು ಮುಂದೆ ಬಂದು, ಬೈಯುವ ಅವಧೂತರ ಬಾಯಲ್ಲಿ ಬೈಸಿಕೊಂಡರೆ ಪಾಪ ಹರಿಯುತ್ತದೆ, ನನ್ನನ್ನೂ ಒಂದಿಷ್ಟು ಬೈಯಿರಿ ಎಂದು ಸೆರಗೊಡ್ಡಿದಳು. ಶಂಭುಲಿಂಗನ ಕಣ್ಣು ಮಿಂಚಿತು. ಅವನ ಕೈ ತಾನಾಗಿಯೇ ಫೋನಿಗೆ ಹೋಯಿತು. ದೇವರನ್ನು ಕೊಲ್ಲಬಹುದು, ಭಕ್ತರನ್ನು ಕೊಲ್ಲುವ ಔಷಧಿ ಇನ್ನೂ ಬಂದಿಲ್ಲ. ಕೆಂಪಯ್ಯನೊಬ್ಬ ಮಾತ್ರ ದೂರದಿಂದ, “ಲೇ, ನಾಳೆ ಸಂತೇಗ್ ಬತ್ತೀಯೇನ್ಲಾ?” ಎಂದು ಕೇಳಿದ. “ಹೋದ್ಸಲ ತಕೊಂಡ್ಯಲ್ಲ ಆ ಕತ್ತೆಗಳನ್ನ ಮಾರಾಕಾ?” ಎಂದ ದೊಡ್ಡಹನುಮಯ್ಯ. ಕೆಂಪಯ್ಯ ನೆಮ್ಮದಿಯಾಗಿ ಬೀಡಿ ಹಚ್ಚಿದ.

ಗಂಡ ಮನೆಯೊಳಗೆ ಹೋಗಿ, ಹಿತ್ತಲ ಬಾಗಿಲು ತೆಗೆದದ್ದನ್ನು ಕಂಡು ಸಿದ್ದಮ್ಮ ಕೈಯ ಚೀಲವನ್ನು ಅಲ್ಲೇ ಬಿಟ್ಟಳು. ಹಿಂದೆಯೇ ಹೋದಳು.

ಅವನು ಹುಣಸೆಮರದಡಿ ನಿಂತಿದ್ದ. ಕೊಂಬೆ ಇದ್ದ ಜಾಗವನ್ನು ನೋಡುತ್ತಿದ್ದ. ಎಷ್ಟು ಹೊತ್ತು ನಿಂತನೋ, ತಿರುಗಿ ಹೆಂಡತಿಯನ್ನು ನೋಡಿದ. ಮತ್ತೆ ಮರದ ಕಡೆ ತಿರುಗಿ ಮೂಗು ಮುರಿದ.

“ಇದ್ಯಾವೋನ್ ಕಡಿದಿದ್ದು, ಹಲ್ಲಲ್ ಕಚ್ಚಿದಂಗೈತೆ?”

“ಕೆಂಪಣ್ಣ.”

“ಅದಕ್ಕೇ ಮತ್ತೆ. ಕಡ್ಸೋದ್ ಕಡ್ಸಿದ್ದೀಯ, ಒಸಿ ಸಗಣಿ ಮೆತ್ತಬಾರ್ದಾಗಿತ್ತಾ? ಗಾಯಕ್ಕೆ ನೀರಿಳ್ದು ಇಡೀ ಮರ ಕೊಳ್ತೋಗ್ತದೆ.”

ಗೊಣಗುತ್ತಲೇ ಕೊಟ್ಟಿಗೆಗೆ ಹೋಗಿ ಒಂದು ಮಂಕರಿ ಸಗಣಿ, ಒಂದು ಹಿಡಿ ಕೆಮ್ಮಣ್ಣು ತಂದ. ಕಲಸಿದ. ಏಣಿ ಇಟ್ಟು ಹತ್ತಿ ಆ ಗಾಯದ ಸುತ್ತ, ಸೀಳು ಸೀಳಿಗೂ ಬೆರಳು ತೂರಿಸಿ, ಮೆತ್ತತೊಡಗಿದ. ಸಿದ್ದಮ್ಮ ಕೆಳಗೆ ಏಣಿ ಹಿಡಿದು ನಿಂತಳು. ಬಿಗಿಯಾಗಿ ಹಿಡಿದಿದ್ದಳು.

“ಸರಿಯಾಗಿಡ್ಕಳೆ ಏಣೀನ, ಅಲ್ಲಾಡ್ತದೆ,” ಎಂದ ಮೇಲಿಂದ.

“ಅಲ್ಲಾಡ್ತಿರೋದು ಏಣಿ ಅಲ್ಲ, ನಿಮ್ ಕಾಲು,” ಎಂದಳು ಸಿದ್ದಮ್ಮ. “ಇಳೀರಿ ಬ್ಯಾಗ, ಸಾರು ಆರೋಯ್ತದೆ.”

“ಆರ್ಲಿ ಬುಡು. ಬಿಸಿ ಇದ್ದಾಗೇನ್ ಉಣ್ಣಂಗಿರ್ತದಾ?”